ಬ್ರಿಟನ್‌ನಲ್ಲಿ ವೋಟು ಹಾಕಲು ಬ್ರಿಟಿಷ್ ಪಾಸ್‌ಪೋರ್ಟ್ ಬೇಕೆ?

ಓದಲೆಂದೋ ಕೆಲಸಕ್ಕೆಂದೋ ಬ್ರಿಟನ್‌ಗೆ ಹೋಗಿ ನೆಲೆಸಿದ ಕನ್ನಡಿಗರಲ್ಲಿ ಒಂದು ಮಾತು ಸಲೀಸಾಗಿ ಓಡಾಡುತ್ತದೆ: ‘ನಮ್ಮದು ಇಂಡಿಯನ್ ಪಾಸ್‌ಪೋರ್ಟ್, ಇಲ್ಲಿನ ಎಲೆಕ್ಷನ್‌ಗೂ ನಮಗೂ ಸಂಬಂಧವಿಲ್ಲ.’ ಇಂಥ ನಂಬಿಕೆ ಹುಟ್ಟಲು ಕಾರಣವಿದೆ. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಇದ್ದವರೂ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ನಮ್ಮ ಸಂವಿಧಾನದ 326ನೇ ವಿಧಿಯೂ ಮತದಾನದ ಹಕ್ಕನ್ನು ನಾಗರಿಕರಿಗಷ್ಟೇ ಕೊಟ್ಟಿದೆ. ಆದರೆ ಬ್ರಿಟನ್‌ನ ಕಾನೂನು ಬೇರೆ. ಅಲ್ಲಿ ವಾಸವಿರುವ, ಊರ್ಜಿತ ವೀಸಾ ಇರುವ, 18 ವರ್ಷ ತುಂಬಿದ ಭಾರತೀಯ ನಾಗರಿಕರು ಕೌನ್ಸಿಲ್ ಚುನಾವಣೆಯಲ್ಲಷ್ಟೇ ಅಲ್ಲ, ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ಇದು ಯಾರೋ ತೋರಿಸಿದ ರಿಯಾಯಿತಿಯಲ್ಲ, ಕಾನೂನು ಕೊಟ್ಟ ಹಕ್ಕು. ಇದ್ದ ಹಕ್ಕನ್ನು ಇಲ್ಲವೆಂದು ನಂಬಿ ಕೂರುವುದರಿಂದ ನಷ್ಟವಾಗುವುದು ನಮ್ಮ ಸಮುದಾಯಕ್ಕೇ.

ಈ ಹಕ್ಕಿನ ಬೇರು ಇರುವುದು ಸಾಮ್ರಾಜ್ಯದ ಕಾಲದಲ್ಲಿ. ಆಗ ವಸಾಹತುಗಳ ಜನರೂ ಬ್ರಿಟಿಷ್ ಪ್ರಜೆಗಳೇ ಆಗಿದ್ದರು. ಹಾಗಾಗಿಯೇ 1892ರಲ್ಲಿ ದಾದಾಭಾಯಿ ನವರೋಜಿ ಲಂಡನ್ನಿನ ಫಿನ್ಸ್‌ಬರಿ ಸೆಂಟ್ರಲ್ ಕ್ಷೇತ್ರದಿಂದ ಗೆದ್ದು ಸಂಸತ್ತಿಗೆ ಹೋಗುವುದು ಸಾಧ್ಯವಾಯಿತು. ಸಾಮ್ರಾಜ್ಯ ಕರಗತೊಡಗಿದಾಗ, 1948ರ ಬ್ರಿಟಿಷ್ ರಾಷ್ಟ್ರೀಯತಾ ಕಾಯ್ದೆ ‘ಕಾಮನ್‌ವೆಲ್ತ್ ನಾಗರಿಕ’ ಎಂಬ ವರ್ಗವನ್ನು ಜಾರಿಗೆ ತಂದಿತು. 1949ರ ಲಂಡನ್ ಘೋಷಣೆಯ ಬಲದಿಂದ ಭಾರತ ಗಣರಾಜ್ಯವಾದ ಮೇಲೂ ಕಾಮನ್‌ವೆಲ್ತ್‌ನಲ್ಲೇ ಮುಂದುವರಿಯಿತು. ಇಂದು ಜಾರಿಯಲ್ಲಿರುವ 1983ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಬ್ರಿಟಿಷರ ಜೊತೆಗೆ ಐರಿಷ್ ನಾಗರಿಕರಿಗೂ ಅರ್ಹ ಕಾಮನ್‌ವೆಲ್ತ್ ನಾಗರಿಕರಿಗೂ ಮತದಾನದ ಹಕ್ಕು ಕೊಟ್ಟಿದೆ. ಇದರ ಬಲ ಸ್ಪಷ್ಟವಾಗಿ ಕಂಡದ್ದು 2016ರ ಬ್ರೆಕ್ಸಿಟ್ ಜನಮತಗಣನೆಯಲ್ಲಿ. ಬ್ರಿಟನ್‌ನಲ್ಲಿದ್ದ ಜರ್ಮನ್ನರಿಗೂ ಫ್ರೆಂಚರಿಗೂ ಅಂದು ಮತವಿರಲಿಲ್ಲ, ಅಲ್ಲಿ ವಾಸವಿದ್ದ ಭಾರತೀಯರಿಗೆ ಇತ್ತು.

‘ಹಾಗಾದರೂ ಪಿಆರ್ ಸಿಕ್ಕ ಮೇಲೆ ತಾನೆ? ಟ್ಯಾಕ್ಸ್ ಕಟ್ಟುವವರಿಗೆ ತಾನೆ?’ ಎನ್ನುವವರಿದ್ದಾರೆ. ಎರಡೂ ಷರತ್ತು ಕಾನೂನಿನಲ್ಲಿಲ್ಲ. ದೇಶದಲ್ಲಿರಲು ಯಾವುದೇ ಬಗೆಯ ಊರ್ಜಿತ ಅನುಮತಿ ಇದ್ದರೆ ಸಾಕು. ಸ್ಟೂಡೆಂಟ್ ವೀಸಾದವರು, ಕೆಲಸದ ವೀಸಾದವರು, ಡಿಪೆಂಡೆಂಟ್ ವೀಸಾದಲ್ಲಿ ಜೊತೆಗೆ ಬಂದ ಗಂಡ ಅಥವಾ ಹೆಂಡತಿ ಎಲ್ಲರೂ ಅರ್ಹರೇ. ಪೂರ್ಣಾವಧಿ ವಿದ್ಯಾರ್ಥಿಗಳೇ ಇರುವ ಮನೆಗೆ ಕೌನ್ಸಿಲ್ ಟ್ಯಾಕ್ಸ್ ವಿನಾಯಿತಿ ಇದೆ, ಆದರೂ ಆ ವಿದ್ಯಾರ್ಥಿಗಳ ಮತ ಎಲ್ಲಿಗೂ ಹೋಗುವುದಿಲ್ಲ. ಶಾಶ್ವತ ವಾಸದ ಅನುಮತಿ ಬೇಕಾಗುವುದು ಮತ ಹಾಕಲು ಅಲ್ಲ, ಚುನಾವಣೆಗೆ ನಿಲ್ಲಲು: ಕೌನ್ಸಿಲ್ ಇರಲಿ, ಸಂಸತ್ತಿರಲಿ, ಅದು ಇರುವ ಭಾರತೀಯರು ಅಭ್ಯರ್ಥಿಯೂ ಆಗಬಹುದು.

ಹೆಸರು ನೋಂದಾಯಿಸಿದರೆ ವೀಸಾಕ್ಕೆ ತೊಂದರೆಯಾದೀತು, ಭಾರತದ ಪೌರತ್ವ ಹೋದೀತು ಎಂಬ ಭಯ ಇನ್ನೊಂದು. ಕಾನೂನು ಕೊಟ್ಟ ಹಕ್ಕನ್ನು ಬಳಸಿದರೆ ವೀಸಾ ನಿಯಮ ಮುರಿದಂತಾಗುವುದಿಲ್ಲ. ಅರ್ಹರಾದವರು ಹೆಸರು ಸೇರಿಸಬೇಕೆಂದು ಕೌನ್ಸಿಲ್ ಲಿಖಿತವಾಗಿ ತಿಳಿಸಿದ ಮೇಲೂ ಸುಮ್ಮನಿದ್ದರೆ 80 ಪೌಂಡ್ ದಂಡ ಬೀಳಬಹುದು. ಅಂದರೆ ನೋಂದಣಿಯನ್ನು ಅಲ್ಲಿನ ಕಾನೂನು ಕರ್ತವ್ಯವೆಂದೇ ನೋಡುತ್ತದೆ. ಇನ್ನು 1955ರ ನಮ್ಮ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಪೌರತ್ವ ಹೋಗುವುದು ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದಾಗ. ಮತ ಹಾಕುವುದು ಪೌರತ್ವ ಪಡೆಯುವುದಲ್ಲ. ಊರಿನ ಮತದಾರರ ಪಟ್ಟಿಯಲ್ಲಿ ಅನಿವಾಸಿ ಮತದಾರರಾಗಿ ಹೆಸರಿಡಲೂ ಭಾರತದ ಕಾನೂನು ಅವಕಾಶ ಕೊಟ್ಟಿದೆ; ಆದರೆ ಮತ ಹಾಕಲು ಖುದ್ದಾಗಿ ಬರಬೇಕು.

ಮತಗಟ್ಟೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. 2022ರ ಚುನಾವಣಾ ಕಾಯ್ದೆ ಫೋಟೊ ಇರುವ ಗುರುತಿನ ಪತ್ರವನ್ನು ಕಡ್ಡಾಯ ಮಾಡಿದಾಗ, ಬ್ರಿಟಿಷ್ ದಾಖಲೆಯೇ ಬೇಕೆಂದು ಹಲವರು ಭಾವಿಸಿದರು. ಕಾಮನ್‌ವೆಲ್ತ್ ದೇಶಗಳ ಪಾಸ್‌ಪೋರ್ಟ್‌ಗಳೂ ಆ ಪಟ್ಟಿಯಲ್ಲಿವೆ. ಹಾಗಾಗಿ ಅಶೋಕ ಸ್ತಂಭದ ಮುದ್ರೆಯಿರುವ ನಮ್ಮ ಪಾಸ್‌ಪೋರ್ಟನ್ನೇ ಮೇಜಿನ ಮೇಲಿಟ್ಟರೆ ಸಾಕು, ಮತಪತ್ರ ಕೈಗೆ ಬರುತ್ತದೆ. ಮತದಾನ ಸಾಮಾನ್ಯವಾಗಿ ಗುರುವಾರ, ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ, ಹತ್ತಿರದ ಶಾಲೆಯಲ್ಲೋ ಚರ್ಚ್ ಹಾಲ್‌ನಲ್ಲೋ ನಡೆಯುತ್ತದೆ. ಇವಿಎಂ ಇಲ್ಲ, ದಾರ ಕಟ್ಟಿದ ಪೆನ್ಸಿಲ್‌ನಿಂದ ಹೆಸರಿನ ಮುಂದೆ ಕತ್ತರಿ ಗುರುತು ಹಾಕಿ ಪೆಟ್ಟಿಗೆಗೆ ಹಾಕಬೇಕು.

ಒಂದು ಗಂಭೀರ ಆಕ್ಷೇಪವೂ ಇದೆ. ನಾಗರಿಕರಲ್ಲದವರು ಒಂದು ದೇಶದ ಸರ್ಕಾರವನ್ನು ಆರಿಸುವುದು ನ್ಯಾಯವೇ? 2008ರಲ್ಲಿ ಲಾರ್ಡ್ ಗೋಲ್ಡ್‌ಸ್ಮಿತ್ ಅವರ ಪೌರತ್ವ ವರದಿ ಸಂಸತ್ ಚುನಾವಣೆಯ ಮತವನ್ನು ಮುಂದೆ ಬ್ರಿಟಿಷ್ ನಾಗರಿಕರಿಗೆ ಸೀಮಿತಗೊಳಿಸಬೇಕೆಂದಿತ್ತು. ಅದನ್ನು ಸಂಸತ್ತು ಕಾನೂನಾಗಿಸಲಿಲ್ಲ. ಬ್ರಿಟಿಷರಿಗೆ ಭಾರತ ಇಂಥ ಹಕ್ಕು ಕೊಟ್ಟಿಲ್ಲವಲ್ಲ ಎಂಬ ಪ್ರಶ್ನೆಯೂ ಸಹಜವೇ. ಆ ಚರ್ಚೆ ನಡೆಯಲಿ. ಆದರೆ ಒಂದು ಊರಿನಲ್ಲಿ ಬದುಕುವವರಿಗೆ ಅಲ್ಲಿನ ಆಡಳಿತದಲ್ಲಿ ದನಿ ಇರಬೇಕೆಂಬ ವಾದಕ್ಕೂ ಅಷ್ಟೇ ತೂಕವಿದೆ. ಕಸ ವಿಲೇವಾರಿ, ರಸ್ತೆಗುಂಡಿ, ಗ್ರಂಥಾಲಯ, ವೃದ್ಧರ ಆರೈಕೆ, ಸಮುದಾಯ ಭವನಕ್ಕೆ ಪರವಾನಗಿ ಇವೆಲ್ಲ ಬಹುಪಾಲು ಸ್ಥಳೀಯ ಕೌನ್ಸಿಲ್‌ಗಳ ಕೈಯಲ್ಲಿವೆ. ಕಲಬುರಗಿ ಮೂಲದ ನೀರಜ್ ಪಾಟೀಲ್ 2010ರಲ್ಲಿ ಲಂಡನ್ನಿನ ಲ್ಯಾಂಬೆತ್‌ಗೆ ಮೇಯರ್ ಆದರು. ಅದೇ ಲ್ಯಾಂಬೆತ್‌ನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಸ್ಥಳೀಯ ರಾಜಕೀಯದಲ್ಲಿ ತೊಡಗಿಕೊಂಡ ಸಮುದಾಯದ ಮಾತಿಗೆ ಬೆಲೆ ಬರುತ್ತದೆ.

ಒಂದು ಮತದಿಂದ ಏನಾದೀತು ಎನ್ನುವವರು ನವರೋಜಿಯವರ ಗೆಲುವಿನ ಅಂತರವನ್ನು ನೆನೆಯಬೇಕು: ಮರು ಎಣಿಕೆಯ ನಂತರ ಅದು ಬರೀ 5 ಮತ. ನೋಂದಣಿಯ ಗಡುವು ಮತದಾನಕ್ಕೆ 12 ಕೆಲಸದ ದಿನ ಮೊದಲೇ ಮುಗಿಯುತ್ತದೆ, ಎಲೆಕ್ಷನ್ ವಾರದಲ್ಲಿ ಎಚ್ಚೆತ್ತರೆ ಪ್ರಯೋಜನವಿಲ್ಲ. ಅಲ್ಲಿನ ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವಕ್ಕೆ ಸೇರಿದಾಗ ಹೊಸದಾಗಿ ಬಂದವರಿಗೆ ಡಾಕ್ಟರ ಬಳಿ ಹೆಸರು ಬರೆಸಲು ಹೇಳುವಂತೆಯೇ ಮತದಾರರ ಪಟ್ಟಿಯ ಬಗ್ಗೆಯೂ ಹೇಳಬೇಕು. ಯಾವ ಪಕ್ಷಕ್ಕೆ ಮತ ಎಂಬುದು ಅವರವರಿಗೆ ಬಿಟ್ಟದ್ದು. ಮತವೇ ಇಲ್ಲ ಎಂಬ ಸುಳ್ಳನ್ನು ಮಾತ್ರ ಇನ್ನು ಯಾರೂ ನಂಬಬೇಕಿಲ್ಲ.