ಹಳೆಯ ವಾಕ್ಚಿತ್ರಗಳ ಜೀರ್ಣೋದ್ಧಾರ

ಹಿಂದೆ ಜನಮನ್ನಣೆಯನ್ನು ಪಡೆದ ವಾಕ್ಚಿತ್ರಗಳನ್ನು ಹೊಸ ನಟರಿಂದ ಮತ್ತೊಮ್ಮೆ ತಯಾರಿಸುವುದು ಯುಕ್ತವೋ ಅಯುಕ್ತವೋ ಎಂಬ ಚರ್ಚೆಯು ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಮನೆಗಳಲ್ಲಿಯೂ ಕೇಳಿಬರುತ್ತಿರುವುದು. ಹಿರಿಯರು ಬೇಡವೆನ್ನುವರು, ಹುಡುಗರು ಕಪ್ಪು-ಬಿಳುಪಿನ ಚಿತ್ರವನ್ನು ಕಂಡೊಡನೆಯೇ ಎದ್ದುಹೋಗುವರು. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿರುವುದರಿಂದ ವಿಷಯವನ್ನು ಸಾವಧಾನವಾಗಿ ವಿಚಾರಿಸತಕ್ಕುದು.

ಪುನರ್ನಿರ್ಮಾಣವು ನಮ್ಮ ದೇಶಕ್ಕೆ ಹೊಸತಲ್ಲ. ಟಿ. ಗಣಪತಿಶಾಸ್ತ್ರಿಗಳು 1912ರಿಂದ ತಿರುವನಂತಪುರದಲ್ಲಿ ಭಾಸನ ನಾಟಕಗಳನ್ನು ಬೆಳಕಿಗೆ ತಂದಾಗ, ಅವುಗಳೊಳಗಿನ 'ಚಾರುದತ್ತ'ವು ಶೂದ್ರಕನ 'ಮೃಚ್ಛಕಟಿಕ'ದ ಮೊದಲ ನಾಲ್ಕು ಅಂಕಗಳನ್ನು ಬಹುಮಟ್ಟಿಗೆ ಹೋಲುವುದೆಂದು ತಿಳಿದುಬಂದಿತು. ಅಪೂರ್ಣವಾಗಿದ್ದ ಹಳೆಯ ನಾಟಕವನ್ನು ಶೂದ್ರಕನು ಹತ್ತು ಅಂಕಗಳಾಗಿ ಬೆಳೆಯಿಸಿದನೆಂಬುದು ಅನೇಕ ಪಂಡಿತರ ಮತವು. ಆರ್ಯಕನ ರಾಜ್ಯಕ್ರಾಂತಿಯ ಕಥೆಯು 'ಚಾರುದತ್ತ'ದಲ್ಲಿಲ್ಲ. ಅದು ಶೂದ್ರಕನು ಕೂಡಿಸಿದುದು. ಹೇಳಬೇಕಾದುದು ಆತನಲ್ಲಿದ್ದಿತು, ಆದುದರಿಂದ ಆತನನ್ನು ಯಾರೂ ನಕಲುಗಾರನೆನ್ನಲಿಲ್ಲ. ನಮ್ಮ ಸೀಮೆಯ ದೊಡ್ಡಾಟದಲ್ಲಿಯೂ ಅದೇ ಪ್ರಸಂಗವನ್ನು ಹೊಸ ಹೊಸ ಪಾತ್ರಧಾರಿಗಳು ಆಡುವರಷ್ಟೆ. ಆದರೆ ದೊಡ್ಡಾಟವು ಬೆಳಗಾಗುವಷ್ಟರಲ್ಲಿ ಮುಗಿದುಹೋಗುವುದು, ವಾಕ್ಚಿತ್ರವು ಉಳಿಯುವುದು. ಹಳೆಯದು ಕಣ್ಣೆದುರಿಗಿರುವಾಗ ಹೊಸದಕ್ಕೆ ಬಲವಾದ ಕಾರಣವು ಬೇಕು.

ಪುರಾಣಕಥೆಗಳ ಮಾತು ಬೇರೆ; ಅವು ಯಾರೊಬ್ಬರ ಸ್ವತ್ತೂ ಅಲ್ಲ. 1954ರ 'ಬೇಡರ ಕಣ್ಣಪ್ಪ'ದ ಕಥೆಯು 1988ರಲ್ಲಿ 'ಶಿವ ಮೆಚ್ಚಿದ ಕಣ್ಣಪ್ಪ'ವಾಯಿತು. ತಂದೆಯು ಮಾಡಿದ್ದ ಪಾತ್ರವನ್ನು ಮಗನು ಮಾಡಿದನು. 1965ರ 'ಸತ್ಯ ಹರಿಶ್ಚಂದ್ರ'ವನ್ನು ಮುಟ್ಟಬಾರದೆನ್ನುವವರು, 1943ರಲ್ಲಿಯೇ ಆ ಹೆಸರಿನ ಕನ್ನಡ ಚಿತ್ರವೊಂದು ಬಂದಿದ್ದುದನ್ನು ಮರೆಯುವರು. 2008ರಲ್ಲಿ ಹರಿಶ್ಚಂದ್ರನಿಗೂ, 2014ರಲ್ಲಿ 'ಕಸ್ತೂರಿ ನಿವಾಸ'ಕ್ಕೂ ಬಣ್ಣವನ್ನು ತುಂಬಿದರು. ಅದು ಪುನರ್ನಿರ್ಮಾಣವಲ್ಲ; ಗುಡಿಗೆ ಸುಣ್ಣ ಬಳಿದಂತೆ. ಹುಡುಗರು ನೋಡುವುದಾದರೆ ನನ್ನ ಆಕ್ಷೇಪಣೆಯಿಲ್ಲ.

ಸಾಮಾಜಿಕ ಚಿತ್ರಗಳಲ್ಲಿ ಅಪಾಯವು ಹೆಚ್ಚು. ಪುಟ್ಟಣ್ಣ ಕಣಗಾಲರು 1972ರ ತಮ್ಮ 'ನಾಗರಹಾವ'ನ್ನು 1974ರಲ್ಲಿ ತಾವೇ ಹಿಂದಿಯಲ್ಲಿ ತಯಾರಿಸಿದರು. ಕನ್ನಡದಲ್ಲಿ ದೊರೆತ ಯಶಸ್ಸು ಅಲ್ಲಿ ದೊರೆಯಲಿಲ್ಲ. ಕೈ ಅದೇ, ಕಥೆಯೂ ಅದೇ! ಹೀಗಿರುವಾಗ ಪರಿಪೂರ್ಣವಾದ ಚಿತ್ರವನ್ನು ಪರರು ಮುಟ್ಟುವುದೇಕೆ? ಒಳ್ಳೆಯ ಕಥೆಯಿದ್ದೂ ಹಣದ ಕೊರತೆಯಿಂದಲೋ ಅವಸರದಿಂದಲೋ ಕೆಟ್ಟುಹೋದ ಚಿತ್ರಗಳು ಎಷ್ಟೋ ಇರುವುವು. ಅವುಗಳನ್ನು ಎತ್ತಿಕೊಳ್ಳಲೊಲ್ಲರು, ಸೋತ ಹೆಸರಿಗೆ ಹಣ ಹೂಡುವವರಿಲ್ಲ.

ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದುಂಟು. ಕನ್ನಡದ ಪ್ರಥಮ ವಾಕ್ಚಿತ್ರವಾದ 'ಸತಿ ಸುಲೋಚನಾ' 1934ರಲ್ಲಿ ತೆರೆಗೆ ಬಂದಿತು. ಇಂದು ಅದರ ಪ್ರತಿಯು ಉಳಿದಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಹುಟ್ಟಿದುದೇ 1964ರಲ್ಲಿ. 'ಸುಲೋಚನಾ'ವನ್ನು ಮತ್ತೆ ತೆಗೆದರೂ ಅದು ಹೊಸ ಚಿತ್ರವೇ ಹೊರತು ಜೀರ್ಣೋದ್ಧಾರವಲ್ಲ, ಹೋಲಿಸಿ ನೋಡಲು ಮೂಲವೇ ಇಲ್ಲವಷ್ಟೆ!

ಆದರೂ ಒಂದು ಚಿತ್ರದ ವಿಷಯದಲ್ಲಿ ನನಗೆ ಪಕ್ಷಪಾತವುಂಟು. ಬಿ. ಆರ್. ಪಂತುಲು ಅವರ 1958ರ 'ಸ್ಕೂಲ್ ಮಾಸ್ಟರ್'. ಶಾಲೆಯಲ್ಲಿ ಜೀವ ತೇಯ್ದ ಉಪಾಧ್ಯಾಯರೂ ಅವರ ಪತ್ನಿಯೂ ವೃದ್ಧಾಪ್ಯದಲ್ಲಿ ಮಕ್ಕಳ ಮನೆಗಳಲ್ಲಿ ಬೇರೆ ಬೇರೆಯಾಗಿ ಬಾಳಬೇಕಾದ ಕಥೆಯದು. 1964ರಲ್ಲಿ ಮಲಯಾಳಕ್ಕೂ, 1972ರಲ್ಲಿ 'ಬಡಿ ಪಂತುಲು' ಎಂಬ ಹೆಸರಿನಿಂದ ತೆಲುಗಿಗೂ ಅದು ಹೋಯಿತು. ನಮ್ಮ ಸೀಮೆಗೆ ಮಾತ್ರ ಬರಲಿಲ್ಲ! ವಾಚಕರು ನಗಬಾರದು. ರಾಯಚೂರು ಜಿಲ್ಲೆಯು 1948ರ ವರೆಗೆ ನಿಜಾಮರ ಆಳಿಕೆಯಲ್ಲಿಯೂ, 1956ರ ವರೆಗೆ ಹೈದರಾಬಾದು ರಾಜ್ಯದಲ್ಲಿಯೂ ಇದ್ದಿತು. ಉರ್ದುವಿನ ಮೂಲಕವೇ ಮೇಲಿನ ವಿದ್ಯೆಯು ನಡೆಯುತ್ತಿದ್ದ ಆ ಕಾಲದಲ್ಲಿ ಕನ್ನಡದ ಅಕ್ಷರವನ್ನು ಕಲಿಸಿದ ಮಾಸ್ತರರ ಬಾಳು ಬೇರೊಂದು ಬಗೆಯದು. ಅವರ ಮಾತು ಯಾವ ಹಳೆಯ ಚಿತ್ರದಲ್ಲಿಯೂ ನನ್ನ ಕಿವಿಗೆ ಬಿದ್ದುದಿಲ್ಲ. ಇಲ್ಲಿಯ ನುಡಿಯನ್ನು ಚಿತ್ರದವರು ಬಳಸುವುದು ಹೆಚ್ಚಾಗಿ ಹಾಸ್ಯಕ್ಕೆ.

ಅಂತಹ ಮಾಸ್ತರರನ್ನು ಮಸ್ಕಿಯ ಓಣಿಯೊಂದರಲ್ಲಿರಿಸಿ, ಒಬ್ಬ ಮಗನನ್ನು ಸಿಂಧನೂರಿನ ಭತ್ತದ ವ್ಯಾಪಾರಕ್ಕೂ ಇನ್ನೊಬ್ಬನನ್ನು ಬೆಂಗಳೂರಿನ ನೌಕರಿಗೂ ಕಳುಹಿಸಿ, ಮುದುಕ-ಮುದುಕಿಯರನ್ನು ಆ ಎರಡು ಮನೆಗಳಿಗೆ ಹಂಚಿಬಿಟ್ಟರೆ ಶೂದ್ರಕನು ಮಾಡಿದಂತಹ ಕೆಲಸವಾದೀತು. ತಯಾರಕರು ಯಾರೇ ಬರಲಿ, ಪಾತ್ರಧಾರಿಗಳನ್ನು ಆರಿಸುವುದಕ್ಕೆ ಮುಂಚೆ 1958ರ ಮೂಲಪ್ರತಿಯನ್ನು ಶುದ್ಧಪಡಿಸಿ ಭದ್ರವಾಗಿರಿಸಲು ಹಣವನ್ನು ತೆಗೆದಿಡಲಿ.