ಅಜ್ಜನ ಪಾತ್ರಕ್ಕೆ ಹತ್ತಿಯ ಗಡ್ಡ ಯಾಕೆ?

ನಮ್ಮ ಬ್ಯಾರಿ ಕಾರ್ಯಕ್ರಮಗಳಲ್ಲಿ ಈಗ ಒಂದು ಕಿರುಪ್ರಹಸನ ಇದ್ದೇ ಇರ್ತದೆ. ಅದರಲ್ಲಿ ಒಬ್ಬ ಅಜ್ಜನೂ ಇರ್ತಾನೆ. ತಲೆಗೆ ಮುಂಡಾಸು, ಹೆಗಲಿಗೆ ಬೈರಾಸು, ಕೈಯಲ್ಲೊಂದು ದೊಣ್ಣೆ, ಗಲ್ಲಕ್ಕೆ ಅಂಟಿಸಿದ ಹತ್ತಿಯ ಗಡ್ಡ. ಪಾತ್ರ ಮಾಡುವ ಹುಡುಗನ ವಯಸ್ಸು ಹೆಚ್ಚೆಂದರೆ ಇಪ್ಪತ್ತೈದು. ಸೊಂಟ ಬಗ್ಗಿಸಿ ನಡೀತಾನೆ, ಕೆಮ್ಮುತ್ತಾನೆ, ಜನ ನಗುತ್ತಾರೆ. ಆದರೆ ನಾಲ್ಕು ಮಾತು ಆಡುವಷ್ಟರಲ್ಲಿ ಗುಟ್ಟು ರಟ್ಟು. ಅವನ ಬ್ಯಾರಿ ಭಾಷೆಯಲ್ಲಿ ಅರ್ಧ ಇಂಗ್ಲಿಷ್, ಕಾಲು ಭಾಗ ಹಿಂದಿ. ಆ ಭಾಷೆಯನ್ನು ಪೂರ್ತಿಯಾಗಿ ಆಡಬಲ್ಲ ನಿಜವಾದ ಅಜ್ಜಂದಿರು ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡ್ತಾ ಇರ್ತಾರೆ.

ಅವರನ್ನೇ ಯಾಕೆ ವೇದಿಕೆಗೆ ಹತ್ತಿಸಬಾರದು?

ಇದು ತಮಾಷೆಯ ಪ್ರಶ್ನೆ ಅಲ್ಲ ಮಾರಾಯ್ರೆ. ಪ್ರತೀ ಊರಿನ ಜಂಕ್ಷನ್ನಿನಲ್ಲಿ ಅಸರ್ ನಮಾಝ್ ಮುಗಿಸಿ ಕೂರುವ ನಾಲ್ಕೈದು ಮಂದಿ ಇದ್ದಾರೆ. ಒಬ್ಬರು ಇಪ್ಪತ್ತು ವರ್ಷ ಗಲ್ಫಿನಲ್ಲಿ ದುಡಿದು ಬಂದವರು. ಇನ್ನೊಬ್ಬರು ಬಂದರಿನ ಮಂಡಿಯಲ್ಲಿ ಲೆಕ್ಕ ಬರೆದವರು. ಮತ್ತೊಬ್ಬರು ದಕ್ಕೆಯಲ್ಲಿ ಮೀನು ಏಲಂ ಕೂಗಿದವರು. ಅಂಗಡಿ ಮಗನ ಕೈಗೆ ಹೋಗಿದೆ, ಮನೆಯಲ್ಲಿ ಮೊಮ್ಮಕ್ಕಳು ಮೊಬೈಲಿನಲ್ಲಿ. ಇವರಲ್ಲಿ ಒಬ್ಬರಾದರೂ ಇಡೀ ಗುಂಪನ್ನು ನಗಿಸುವವರು ಇದ್ದೇ ಇರ್ತಾರೆ. ಹಳೆಯ ಮಂಡಿ ಸಾಹುಕಾರರು ಚಾ ಕುಡಿಯುವ ರೀತಿ, ವೀಸಾ ಏಜೆಂಟ್ ಸುಳ್ಳು ಹೇಳುವ ರೀತಿ ಎಲ್ಲ ಮಾಡಿ ತೋರಿಸ್ತಾರೆ. ಅವರಿಗೆ ನಟನೆ ಬರುದಿಲ್ಲ ಅಂತ ಹೇಳುವವರು ಯಾರು?

ಮಾಮುಕ್ಕೋಯ ಅವರನ್ನು ನೆನಪು ಮಾಡಿಕೊಳ್ಳಿ. ನಮ್ಮ ಮನೆಗಳಲ್ಲಿ ಅವರನ್ನು ಪರಿಚಯಿಸುವ ಅಗತ್ಯ ಇಲ್ಲ. 1946ರಲ್ಲಿ ಕಲ್ಲಿಕೋಟೆಯಲ್ಲಿ ಹುಟ್ಟಿದವರು, ಕಲ್ಲಾಯಿಯ ಮರದ ವ್ಯಾಪಾರದಲ್ಲಿ ದಿಮ್ಮಿ ಅಳೆಯುವ ಕೆಲಸ ಮಾಡಿದವರು. ಕೆಲಸದ ಜೊತೆಗೆ ಹವ್ಯಾಸಿ ನಾಟಕ. ಸಿನಿಮಾಕ್ಕೆ ಬಂದದ್ದು 1979ರಲ್ಲಿ, ಮೂವತ್ತು ದಾಟಿದ ಮೇಲೆ. 1987ರ 'ನಾಡೋಡಿಕ್ಕಾಟ್ಟ್' ಚಿತ್ರದಲ್ಲಿ ದುಬೈಗೆ ಅಂತ ದೋಣಿ ಹತ್ತಿಸಿ ಮದ್ರಾಸಿನ ಕಡಲ ಬದಿಯಲ್ಲಿ ಇಳಿಸಿಬಿಡುವ ಗಫೂರ್ ಇದ್ದಾನಲ್ಲ, ಗಲ್ಫಿಗೆ ಹೋದ ಪ್ರತೀ ಮನೆಗೂ ಅವನು ಗೊತ್ತು. ಅವರು ಭಾಷೆಯನ್ನು ತಿದ್ದಿಕೊಳ್ಳಲಿಲ್ಲ. ಕಲ್ಲಿಕೋಟೆಯ ಮಾಪಿಳ್ಳೆ ಮಾತನ್ನೇ ತಂದು ಕ್ಯಾಮರಾದ ಮುಂದೆ ಇಟ್ಟರು. 2008ರ ಸಾಲಿಗೆ ಕೇರಳ ಸರಕಾರ ಅತ್ಯುತ್ತಮ ಹಾಸ್ಯನಟ ಅಂತ ಮೊದಲ ಬಾರಿಗೆ ಪ್ರಶಸ್ತಿ ಕೊಟ್ಟಾಗ ಅದು ಹೋದದ್ದು ಅವರಿಗೆ, ಅರುವತ್ತು ದಾಟಿದ ಮೇಲೆ. 2021ರ 'ಕುರುದಿ' ಚಿತ್ರದಲ್ಲಿ ಎಪ್ಪತ್ತೈದರ ಅಜ್ಜನಾಗಿ ಅವರು ನಗಿಸಲೇ ಇಲ್ಲ, ನೋಡಿದವರ ಉಸಿರು ಹಿಡಿದಿಟ್ಟರು. 2023ರ ಎಪ್ರಿಲಿನಲ್ಲಿ ತೀರಿಕೊಂಡರು.

ನಿಲಂಬೂರ್ ಆಯಿಷಾ ಅವರದ್ದು ಇನ್ನೂ ಗಟ್ಟಿ ಕಥೆ. 1950ರ ದಶಕದಲ್ಲಿ, ಮುಸ್ಲಿಂ ಹೆಣ್ಣುಮಗಳೊಬ್ಬಳು ನಾಟಕಕ್ಕೆ ಇಳಿಯುವುದನ್ನು ಊಹಿಸಲೂ ಆಗದ ಕಾಲದಲ್ಲಿ, ಅವರು ವೇದಿಕೆ ಹತ್ತಿದರು. ವಿರೋಧ ಎಷ್ಟಿತ್ತೆಂದರೆ ನಾಟಕ ನಡೆಯುವಾಗಲೇ ಅವರ ಮೇಲೆ ಗುಂಡು ಹಾರಿಸಿದರು. ಮುಂದೆ ಹೊಟ್ಟೆಪಾಡಿಗೆ ಸೌದಿಗೆ ಹೋಗಿ ಬಹುಕಾಲ ಮನೆಕೆಲಸ ಮಾಡಿದರು. ಊರಿಗೆ ಮರಳಿ ಮತ್ತೆ ಬಣ್ಣ ಹಚ್ಚಿದರು. 2011ರ ರಾಜ್ಯ ಪ್ರಶಸ್ತಿಯಲ್ಲಿ ಎರಡನೇ ಅತ್ಯುತ್ತಮ ನಟಿ ಅಂತ ಹೆಸರು ಕರೆದಾಗ ಅವರಿಗೆ ಎಪ್ಪತ್ತು ದಾಟಿತ್ತು. 2018ರ 'ಸುಡಾನಿ ಫ್ರಂ ನೈಜೀರಿಯಾ' ನೋಡಿದವರಿಗೆ ಆ ಇಬ್ಬರು ಉಮ್ಮಂದಿರು ಮರೆತುಹೋಗಲಿಕ್ಕಿಲ್ಲ. ಸಾವಿತ್ರಿ ಶ್ರೀಧರನ್, ಸರಸ ಬಾಲುಶ್ಶೇರಿ ಇಬ್ಬರೂ ಕಲ್ಲಿಕೋಟೆಯ ನಾಟಕಗಳಲ್ಲಿ ಪಳಗಿದವರು. ಚಿತ್ರದ ಜೀವ ಇದ್ದದ್ದೇ ಆ ಇಬ್ಬರಲ್ಲಿ ಅಂತ ನನ್ನ ಲೆಕ್ಕ. ಕೇರಳದ ಪ್ರಶಸ್ತಿಯನ್ನೂ ಇಬ್ಬರೂ ಹಂಚಿಕೊಂಡರು.

ಮಲಬಾರಿನ ಮಾತು ಬಿಡಿ, ನಮ್ಮಲ್ಲಿ ಎಂತ ಉಂಟು ಅಂತ ಕೇಳಬಹುದು. ನಮ್ಮ ಭಾಷೆಯ ಮೊದಲ ಚಿತ್ರ 'ಬ್ಯಾರಿ'ಗೆ 2011ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಮರಾಠಿಯ 'ದೇವೂಳ್' ಜೊತೆ ಸಮನಾಗಿ ಬಂತು. ಸಾಹಿತ್ಯ ಅಕಾಡೆಮಿ ಉಂಟು, ಅಕ್ಟೋಬರ್ 3ಕ್ಕೆ ಭಾಷಾ ದಿನಾಚರಣೆ ಉಂಟು. ತುಳು ಹಾಸ್ಯ ನಾಟಕಗಳಲ್ಲಿ ಬಹಳ ಕಾಲದಿಂದ ಒಬ್ಬ ಬ್ಯಾರಿ ಪಾತ್ರವೂ ಉಂಟು! ಟೊಪ್ಪಿ ಹಾಕಿ, ಲುಂಗಿ ಎತ್ತಿಕಟ್ಟಿ, ತಪ್ಪು ತಪ್ಪು ಮಾತಾಡುವ ವ್ಯಾಪಾರಿ. ಅದನ್ನು ನೋಡಿ ನಾವೂ ನಕ್ಕಿದ್ದೇವೆ. ಆದರೆ ಬೇರೆಯವರು ನಮ್ಮನ್ನು ಆಡಿ ತೋರಿಸುವುದು ಒಂದು, ನಮ್ಮ ಹಿರಿಯರೇ ತಮ್ಮನ್ನು ಆಡಿ ತೋರಿಸುವುದು ಇನ್ನೊಂದು. ಮಂಡಿಯ ಚೌಕಾಸಿ, ಬೀಡಿ ಬ್ರಾಂಚಿನಲ್ಲಿ ಎಲೆ ಕಡಿಮೆ ಬಂದದ್ದಕ್ಕೆ ಹೆಂಗಸರು ಮಾಡುವ ಜಗಳ, ಮದುವೆ ಮನೆಯಲ್ಲಿ ಬಿರಿಯಾನಿಯ ಮಾಂಸ ಎಣಿಸುವ ಕಾಕ, ಇವೆಲ್ಲದರ ಮಾತು ಐವತ್ತು ದಾಟಿದವರ ನಾಲಿಗೆಯಲ್ಲಿ ಮಾತ್ರ ಸರಿಯಾಗಿ ಉಳಿದಿದೆ. ಅದನ್ನು ಹೇಳುವವರು ಹೋದರೆ ನಿಘಂಟಿನಲ್ಲಿ ಶಬ್ದ ಸಿಕ್ಕೀತು, ಅದರ ಎಳೆತ, ಕುಟುಕು ಸಿಗಲಿಕ್ಕಿಲ್ಲ.

"ಉಸ್ತಾದ್, ಈ ಪ್ರಾಯದಲ್ಲಿ ಇದೆಲ್ಲ ಆಗ್ತದಾ?" ಅಂತ ಕೇಳುವವರು ಇದ್ದಾರೆ. ನಟನೆಯ ಬಗ್ಗೆ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯ ಇದೆ, ಅದನ್ನು ಇಲ್ಲಿ ತೀರ್ಮಾನ ಮಾಡುವುದು ನನ್ನ ಕೆಲಸ ಅಲ್ಲ, ನಿಮ್ಮ ಊರಿನ ಖತೀಬರನ್ನು ಕೇಳಿ. ಹಾಸ್ಯದ ಮಟ್ಟಿಗೆ ಹೇಳುವುದಾದರೆ, ಪ್ರವಾದಿಯವರು (ಸ.ಅ.) ತಮಾಷೆ ಮಾಡಿದ್ದರು, ತಮಾಷೆಯಲ್ಲೂ ಸುಳ್ಳು ಹೇಳಲಿಲ್ಲ. ಒಂಟೆ ಕೇಳಿದವನಿಗೆ ಒಂಟೆಯ ಮರಿ ಕೊಡ್ತೇನೆ ಅಂದದ್ದು, ಅವನು ಕಂಗಾಲಾದಾಗ ಯಾವ ಒಂಟೆಯೂ ಒಂದು ಒಂಟೆಯ ಮರಿಯೇ ಅಲ್ಲವಾ ಅಂತ ಕೇಳಿದ್ದು ಮದ್ರಸದ ಮಕ್ಕಳಿಗೂ ಗೊತ್ತು. ಜನರನ್ನು ನಗಿಸಲಿಕ್ಕೆ ಸುಳ್ಳು ಹೇಳುವವನಿಗೆ ಎಚ್ಚರಿಕೆಯೂ ಹದೀಸಿನಲ್ಲಿದೆ. ಬಿಕ್ಕುವವನನ್ನು, ಕುಂಟುವವನನ್ನು, ಕಪ್ಪು ಬಣ್ಣದ ಮದುಮಗಳನ್ನು ಗೇಲಿ ಮಾಡಿ ನಗಿಸುವ ಪ್ರಹಸನ ಇಪ್ಪತ್ತರವನು ಮಾಡಿದರೂ ಬೇಡ, ಅರುವತ್ತರವನು ಮಾಡಿದರೂ ಬೇಡ.

ಮಾತು ನೆನಪಲ್ಲಿ ಉಳಿಯುದಿಲ್ಲ ಅಂತ ಹೆಚ್ಚಿನವರ ಹೆದರಿಕೆ. ಇಲ್ಲಿ ನಮ್ಮ ಮದ್ರಸದ ಪದ್ಧತಿಯೇ ಉಪಯೋಗಕ್ಕೆ ಬರ್ತದೆ. ಹಿಫ್‌ಝ್ ಮಾಡುವ ಮಗು ದಿನಕ್ಕೆ ಸ್ವಲ್ಪ ಹೊಸ ಪಾಠ ಕಲಿಯುತ್ತದೆ, ನಿನ್ನೆಯದ್ದನ್ನು ಒಪ್ಪಿಸುತ್ತದೆ, ಹಳೆಯದ್ದನ್ನು ಮತ್ತೆ ಮತ್ತೆ ಓದುತ್ತದೆ. ನಾಟಕದ ಮಾತಿಗೂ ಅದೇ ಕ್ರಮ ಸಾಕು. ಸುಬಹಿಯ ನಂತರ ಗಟ್ಟಿಯಾಗಿ ಓದಬೇಕು, ಕಣ್ಣಲ್ಲಿ ಮಾತ್ರ ಓದಿದರೆ ನಿಲ್ಲುದಿಲ್ಲ. ತನ್ನ ಮಾತನ್ನು ಕೈಯಾರೆ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಬೇಕು. ಎದುರಿನವನ ಕೊನೆಯ ಶಬ್ದವನ್ನೂ ಸೇರಿಸಿ ಕಲಿಯಬೇಕು, ಆ ಶಬ್ದ ಕೇಳಿದ ಕೂಡಲೇ ನಮ್ಮ ಮಾತು ತಾನಾಗಿ ಬರ್ತದೆ. ಮೊದಲ ಸಲಕ್ಕೆ ಹತ್ತು ನಿಮಿಷದ ಪ್ರಹಸನ, ಹತ್ತು ಹದಿನೈದು ಮಾತು ಸಾಕು. ಅಜ್ಜನ ಪಾತ್ರಕ್ಕೆ ವೇದಿಕೆಯಲ್ಲಿ ಒಂದು ಕುರ್ಚಿ ಇಟ್ಟರೆ ಮೊಣಕಾಲು ನೋವಿನವರಿಗೂ ಅನುಕೂಲ, ನೋಡುವವರಿಗೂ ಸಹಜ.

ಇನ್ನೊಂದು ವಿಷಯ ಕಲಿಯಲೇಬೇಕು, ಕಾಯುವುದು. ಜಂಕ್ಷನ್ನಿನಲ್ಲಿ ನಗಿಸುವವರು ವೇದಿಕೆಯಲ್ಲಿ ಸೋಲುವುದು ಇಲ್ಲಿಯೇ. ಜನ ನಗುವಾಗ ಮುಂದಿನ ಮಾತು ಆಡಿದರೆ ಆ ಮಾತು ಯಾರಿಗೂ ಕೇಳುದಿಲ್ಲ. ತಾನೇ ಮೊದಲು ನಕ್ಕರಂತೂ ಕಥೆ ಮುಗೀತು. ವಅಳ್ ಹೇಳುವವರನ್ನು ನೋಡಿ, ಜನ ಸ್ವಲಾತ್ ಹೇಳಿ ಮುಗಿಸುವ ತನಕ ಸುಮ್ಮನೆ ನಿಂತು ಮುಂದಿನ ಮಾತಿಗೆ ಬರ್ತಾರೆ. ಅದೇ ತಾಳ್ಮೆ ಇಲ್ಲೂ ಬೇಕು.

ಹೆಂಗಸರ ವಿಷಯದಲ್ಲಿ ದಾರಿ ಇನ್ನೂ ಕಷ್ಟದ್ದು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮೈಲಾಂಜಿಯ ರಾತ್ರಿ ಹೆಂಗಸರ ಕೋಣೆಯಿಂದ ಬರುವ ನಗು ಕೇಳಿದವರಿಗೆ ಗೊತ್ತು, ನಮ್ಮ ಅತ್ಯುತ್ತಮ ನಕಲು ಕಲಾವಿದರು ಎಲ್ಲಿದ್ದಾರೆ ಅಂತ. ವೇದಿಕೆ ಬೇಡ ಅನ್ನುವ ಮನೆಯವರು ಧ್ವನಿ ಮುದ್ರಿಸಿ ಇಡಬಹುದಲ್ಲ. ಅಜ್ಜಿಯ ಕೈಗೆ ಒಂದು ಮೊಬೈಲ್ ಕೊಟ್ಟು, ಬೀಡಿ ಬ್ರಾಂಚಿನ ಜಗಳ ಒಮ್ಮೆ ಹೇಳಿ ಉಮ್ಮ ಅಂದರೆ ಸಾಕು.

ಅಕ್ಟೋಬರ್ ಕಾರ್ಯಕ್ರಮಕ್ಕೆ ತಯಾರಿ ಮಾಡುವ ಯುವಕರಲ್ಲಿ ಒಂದು ಕೇಳಿಕೆ. ಅಜ್ಜನ ಪಾತ್ರ ಖಾಲಿ ಬಿಡಿ. ಬರೆಯುವ ಮೊದಲು ಎರಡು ಸಂಜೆ ಜಂಕ್ಷನ್ನಿನಲ್ಲಿ ಕೂತು ಬನ್ನಿ. ಒಪ್ಪುವವರು ಸಿಕ್ಕಿದರೆ ಇಶಾ ನಂತರ ಗಂಟೆಗಟ್ಟಲೆ ಎಳೀಬೇಡಿ, ಮಗ್ರಿಬ್ ಮತ್ತು ಇಶಾದ ನಡುವಿನ ಹೊತ್ತಿನಲ್ಲಿ ತಾಲೀಮು ಮುಗಿಸಿ, ಅವರನ್ನು ಮನೆಗೆ ಬಿಡಲಿಕ್ಕೆ ಒಬ್ಬ ಹುಡುಗನನ್ನು ಬೈಕಿನೊಂದಿಗೆ ಇಟ್ಟುಕೊಳ್ಳಿ. ಚಾ ಕೊಡುವಾಗ ಸಕ್ಕರೆ ಹಾಕಬೇಕಾ ಅಂತ ಕೇಳಿ ಕೊಡಿ.