ನಿಮಗಿದು ಗೊತ್ತೇ? ಎಡಕ್ಕೆ ತಳ್ಳಿದರೆ ಬಲಕ್ಕೆ ತಿರುಗುವ ವಿಮಾನ

ಬಾಲವಿಲ್ಲ, ಚುಕ್ಕಾಣಿಯಿಲ್ಲ, ರೆಕ್ಕೆಯ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗಳೂ ಇಲ್ಲ. ಆದರೂ ‘ಟ್ರೈಕ್’ ಮಾದರಿಯ ಮೈಕ್ರೋಲೈಟ್ ವಿಮಾನ ಹೇಳಿದ ಕಡೆ ತಿರುಗುತ್ತದೆ. ಮೇಲೆ ತ್ರಿಕೋನಾಕಾರದ ಬಟ್ಟೆಯ ರೆಕ್ಕೆ, ಅದರಡಿ ನೇತಾಡುವ ಮೂರು ಚಕ್ರದ ಗಾಡಿ, ಗಾಡಿಯ ಬೆನ್ನಿಗೆ ಎಂಜಿನ್ನು, ಪ್ರೊಪೆಲ್ಲರ್. ಪೈಲಟ್ ಕೈಗೆ ಸಿಗುವುದು ಒಂದು ಅಡ್ಡದಂಡ, ಅಷ್ಟೇ.

ಆ ದಂಡ ಗಾಡಿಗೆ ಸೇರಿದ್ದಲ್ಲ, ರೆಕ್ಕೆಗೆ ಸೇರಿದ್ದು. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ದಂಡವನ್ನು ಎದೆಯತ್ತ ಎಳೆದುಕೊಂಡರೆ ಮೂತಿ ಬಾಗಿ ವೇಗ ಏರುತ್ತದೆ. ಮುಂದಕ್ಕೆ ತಳ್ಳಿದರೆ ಮೂತಿ ಎದ್ದು ವೇಗ ಇಳಿಯುತ್ತದೆ. ಬಲಕ್ಕೆ ತಿರುಗಬೇಕೇ? ದಂಡವನ್ನು ಎಡಕ್ಕೆ ತಳ್ಳಬೇಕು! ಮಾಮೂಲಿ ವಿಮಾನದಲ್ಲಿ ಎಲ್ಲವೂ ಇದಕ್ಕೆ ತದ್ವಿರುದ್ಧ. ಹಾಗಾಗಿ ಏನೂ ಗೊತ್ತಿಲ್ಲದೆ ಬಂದ ಹೊಸಬರಿಗಿಂತ, ಬೇರೆ ವಿಮಾನ ಹಾರಿಸಿ ಪಳಗಿದವರದೇ ಇಲ್ಲಿ ಹೆಚ್ಚಿನ ಪೀಕಲಾಟ. ಇಳಿಯುವಾಗ ನೆಲ ಹತ್ತಿರವಾದೊಡನೆ ಅವರ ಕೈ ತಾನಾಗಿ ಹಿಂದಕ್ಕೆ ಎಳೆಯುತ್ತದೆ. ಟ್ರೈಕಿನಲ್ಲಿ ಹಾಗೆ ಎಳೆದರೆ ಮೂತಿ ನೆಲಕ್ಕೆ.

ಉಲ್ಟಾ ಏಕೆ? ನಿಜವಾಗಿ ಉಲ್ಟಾ ಅಲ್ಲವೇ ಅಲ್ಲ. ದಂಡವನ್ನು ಎಡಕ್ಕೆ ತಳ್ಳಿದಾಗ ಗಾಡಿ, ಎಂಜಿನ್ನು, ಪೈಲಟ್ ಎಲ್ಲರೂ ರೆಕ್ಕೆಯ ನಡುಗೆರೆಯಿಂದ ಬಲಕ್ಕೆ ಸರಿಯುತ್ತಾರೆ. ಭಾರ ಬಲಕ್ಕೆ ಬಿತ್ತು, ರೆಕ್ಕೆ ಬಲಕ್ಕೆ ವಾಲಿತು, ವಿಮಾನ ಬಲಕ್ಕೆ ತಿರುಗಿತು. ಎಳೆದುಕೊಂಡಾಗಲೂ ಅದೇ ಲೆಕ್ಕ: ಭಾರ ಮುಂದಕ್ಕೆ ಹೋಯಿತು, ಮೂತಿ ಬಾಗಿತು.

ಇಡೀ ಗಾಡಿ ರೆಕ್ಕೆಗೆ ತಗುಲಿಕೊಂಡಿರುವುದು ಒಂದೇ ಬಿಂದುವಿನಲ್ಲಿ. ಅಲ್ಲಿ ಒಂದು ಬೋಲ್ಟು. ಅದು ಕೈಕೊಟ್ಟರೆ ಇರಲಿ ಎಂದು ಜೊತೆಗೊಂದು ಹೆಚ್ಚುವರಿ ತಂತಿಯೋ ಪಟ್ಟಿಯೋ. ಹಾರುವ ಮುನ್ನ ಪೈಲಟ್ ಎರಡು ಸಲ ನೋಡುವ ಜಾಗ ಇದು. ಈ ಬಿಂದುವನ್ನು ತುಸು ಮುಂದಕ್ಕೆ ಸರಿಸಿ ಬಿಗಿದರೆ, ದಂಡ ಮುಟ್ಟದಿದ್ದಾಗ ವಿಮಾನ ತಾನಾಗಿ ಹಿಡಿಯುವ ವೇಗ ಹೆಚ್ಚುತ್ತದೆ. ಹಿಂದಕ್ಕೆ ಸರಿಸಿದರೆ ಕಡಿಮೆಯಾಗುತ್ತದೆ.

ಬರೀ ಭಾರದಿಂದಲೇ ಅಷ್ಟಗಲದ ರೆಕ್ಕೆ ಚುರುಕಾಗಿ ವಾಲುವುದು ಕಷ್ಟ. ಅದಕ್ಕೊಂದು ಜಾಣ ಉಪಾಯವಿದೆ. ರೆಕ್ಕೆಯ ನಡುವೆ ಉದ್ದಕ್ಕೆ ಹಾದುಹೋಗುವ ಅಲ್ಯೂಮಿನಿಯಂ ಕೊಳವೆಯನ್ನು ಅಡ್ಡಕೊಳವೆಗೆ ಬಿಗಿಯದೆ, ಅತ್ತಿತ್ತ ಕೊಂಚ ಸರಿಯಲು ಬಿಟ್ಟಿರುತ್ತಾರೆ. ಭಾರ ಬಲಕ್ಕೆ ಹೋದಾಗ ಆ ಕೊಳವೆಯೂ ಬಲಕ್ಕೆ ಜಗ್ಗುತ್ತದೆ. ಬಲಗಡೆಯ ಬಟ್ಟೆ ಸಡಿಲವಾಗುತ್ತದೆ, ಎಡಗಡೆಯದು ಬಿಗಿಯಾಗುತ್ತದೆ. ಸಡಿಲಾದ ಕಡೆ ಎತ್ತುವ ಬಲ ಕಡಿಮೆ, ಬಿಗಿಯಾದ ಕಡೆ ಹೆಚ್ಚು. ಅಂದರೆ ಪೈಲಟ್ ತಳ್ಳುವುದು ಬರೀ ಭಾರವನ್ನಲ್ಲ, ಅರಿವಿಲ್ಲದಂತೆ ರೆಕ್ಕೆಯ ಆಕಾರವನ್ನೇ ಬದಲಿಸುತ್ತಿರುತ್ತಾನೆ. ಈ ಯಂತ್ರದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಸಂಗತಿ ಇದು.

ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡರೆ ಹತೋಟಿ ಕಷ್ಟವಾಗುತ್ತದೆ ಅಂದುಕೊಂಡಿರಾ? ಇಲ್ಲ. ನೇತಾಡುವ ಭಾರ ಹೆಚ್ಚಿದಷ್ಟೂ ರೆಕ್ಕೆಯನ್ನು ವಾಲಿಸುವ ಶಕ್ತಿಯೂ ಹೆಚ್ಚು.

ಆಕ್ಸಿಲರೇಟರ್ ಬಲಗಾಲಿನಡಿ, ಕಾರಿನಂತೆ. ಆದರೆ ಒತ್ತಿದರೆ ವಿಮಾನ ವೇಗವಾಗಿ ಓಡುವ ಬದಲು ಮೇಲಕ್ಕೇರುತ್ತದೆ, ಬಿಟ್ಟರೆ ಇಳಿಯುತ್ತದೆ. ವೇಗ ದಂಡದ ಕೆಲಸ, ಎತ್ತರ ಎಂಜಿನ್ನಿನ ಕೆಲಸ.

ನೆಲದ ಮೇಲೆ ಓಡಾಡುವಾಗ ದಂಡದಿಂದ ಏನೂ ಪ್ರಯೋಜನವಿಲ್ಲ. ಮುಂದಿನ ಚಕ್ರವನ್ನು ಪಾದದಿಂದ ತಿರುಗಿಸಬೇಕು, ಹುಡುಗರು ಇಳಿಜಾರಿನಲ್ಲಿ ಬಿಡುವ ಬೇರಿಂಗ್ ಗಾಡಿಯಂತೆ: ಬಲಗಾಲು ಒತ್ತಿದರೆ ಎಡಕ್ಕೆ, ಎಡಗಾಲು ಒತ್ತಿದರೆ ಬಲಕ್ಕೆ. ಮಾಮೂಲಿ ವಿಮಾನದ ಪೆಡಲಿಗೆ ಇದೂ ತದ್ವಿರುದ್ಧ!

ಅಡ್ಡಗಾಳಿಯಲ್ಲಿ ಟ್ರೈಕ್ ಓರೆಯಾಗಿಯೇ ರನ್‌ವೇ ಮುಟ್ಟುತ್ತದೆ. ಗಾಬರಿ ಬೇಡ. ಹಿಂದಿನ ಎರಡು ಚಕ್ರ ನೆಲಕ್ಕೆ ತಾಗಿದ ಕೂಡಲೇ ಗಾಡಿ ತಾನಾಗಿ ನೇರವಾಗುತ್ತದೆ.

ಬಾಲವಿಲ್ಲದಿದ್ದರೂ ಸ್ಥಿರವಾಗಿ ಹಾರುವುದು ಹೇಗೆ? ಹಿಂದಕ್ಕೆ ಬಾಗಿದ ರೆಕ್ಕೆಯ ತುದಿಗಳೇ ಬಾಲದ ಕೆಲಸ ಮಾಡುತ್ತವೆ. ನಡುವಿಗಿಂತ ತುದಿ ಕಡಿಮೆ ಕೋನದಲ್ಲಿ ಗಾಳಿಗೆ ಒಡ್ಡಿಕೊಂಡಿರುತ್ತದೆ. ವೇಗ ತೀರಾ ಕಡಿಮೆಯಾದರೆ ಮೊದಲು ಸೋಲುವುದು ನಡುಭಾಗ. ಆಗ ತುದಿಗಳು ಇನ್ನೂ ಹಾರುತ್ತಿರುವುದರಿಂದ ಮೂತಿ ಮೆಲ್ಲಗೆ ಬಾಗಿ ವೇಗ ಮರಳಿ ಬರುತ್ತದೆ.

ಹಾಗೆಂದು ಇದರಲ್ಲಿ ಪಲ್ಟಿ ಹೊಡೆಯುವ ಸರ್ಕಸ್ಸು ನಿಷಿದ್ಧ. ನೇತಾಡುವ ಗಾಡಿ ರೆಕ್ಕೆಯನ್ನು ಕೆಳಕ್ಕೆ ಜಗ್ಗುತ್ತಿರುವ ತನಕ ಮಾತ್ರ ದಂಡಕ್ಕೆ ಬೆಲೆ. ಗಾಡಿ ಒಂದು ಕ್ಷಣ ಭಾರ ಕಳೆದುಕೊಂಡರೂ ಪೈಲಟ್ ಕೈಯಲ್ಲಿರುವುದು ಬರೀ ಕೊಳವೆ. ಸಾಮಾನ್ಯವಾಗಿ 60 ಡಿಗ್ರಿಗಿಂತ ಹೆಚ್ಚು ವಾಲಿಸಬಾರದು ಎಂಬ ಕಟ್ಟುಪಾಡು ಇದೆ.

ಮೈ ಸರಿಸಿ ಹಾರಿದ ಹಿರಿಯ ಜರ್ಮನಿಯ ಓಟ್ಟೊ ಲಿಲಿಯೆಂಥಾಲ್. 1891ರಿಂದ ಸುಮಾರು 2,000 ಸಲ ಗ್ಲೈಡರಿನಲ್ಲಿ ತೇಲಿದವರು, 1896ರ ಆಗಸ್ಟಿನಲ್ಲಿ ಬಿದ್ದು ಮರುದಿನ ತೀರಿಕೊಂಡರು. ಬರೀ ಮೈ ಸರಿಸಿದರೆ ಸಾಲದು ಎಂದು ತೀರ್ಮಾನಿಸಿದ ರೈಟ್ ಸಹೋದರರು ರೆಕ್ಕೆಯನ್ನೇ ತಿರುಚುವ ದಾರಿ ಹಿಡಿದರು.

ಬಟ್ಟೆಯ ರೆಕ್ಕೆ ಹುಟ್ಟಿದ್ದು ಅಡುಗೆಮನೆಯ ಪರದೆಯಿಂದ! ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ರೊಗಾಲೊ 1948ರಲ್ಲಿ ಮನೆಯಲ್ಲೇ ಪ್ರಯೋಗ ನಡೆಸಿದಾಗ ಪತ್ನಿ ಗರ್ಟ್ರೂಡ್ ಹೊಲಿದುಕೊಟ್ಟದ್ದು ಆ ಬಟ್ಟೆಯನ್ನೇ. ಬಾಹ್ಯಾಕಾಶ ನೌಕೆಯನ್ನು ಇಂಥ ರೆಕ್ಕೆಯಿಂದ ಇಳಿಸಬಹುದೇ ಎಂದು ನಾಸಾ 1960ರ ದಶಕದಲ್ಲಿ ಪರೀಕ್ಷಿಸಿತು. ಅದಕ್ಕಾಗಿ ಕಟ್ಟಿದ ಗ್ಲೈಡರನ್ನು ಹಾರಿಸಿದವರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಕೂಡ ಒಬ್ಬರು. ಕೊನೆಗೆ ಗೆದ್ದದ್ದು ಪ್ಯಾರಾಚೂಟು.

ಆ ರೆಕ್ಕೆಗೆ ತ್ರಿಕೋನದ ಚೌಕಟ್ಟು, ಅಡ್ಡದಂಡ ಕೂಡಿಸಿ ಪೈಲಟನ್ನು ನೇತುಹಾಕಿದವರು ಆಸ್ಟ್ರೇಲಿಯಾದ ಜಾನ್ ಡಿಕನ್‌ಸನ್. ವರ್ಷ 1963, ಊರು ಗ್ರಾಫ್ಟನ್. ದೋಣಿ ಎಳೆಯುತ್ತಿದ್ದಂತೆ ನದಿಯ ಮೇಲೆದ್ದ ಆ ರೆಕ್ಕೆಗೆ ಹೊದಿಸಿದ್ದು ಬಾಳೆಗೊನೆ ಮುಚ್ಚುವ ಪ್ಲಾಸ್ಟಿಕ್ ಹಾಳೆ.

ಮೈಕ್ರೋಲೈಟುಗಳೆಲ್ಲ ಹೀಗೆಯೇ ಇರುತ್ತವೆ ಎಂದಲ್ಲ. 1988ರಲ್ಲಿ ವಿಜಯಪತ್ ಸಿಂಘಾನಿಯಾ ಲಂಡನ್ನಿನಿಂದ ಅಹ್ಮದಾಬಾದಿಗೆ ಹಾರಿಸಿಕೊಂಡು ಬಂದದ್ದು ಬಾಲ, ಚುಕ್ಕಾಣಿ ಎಲ್ಲ ಇರುವ ಮೈಕ್ರೋಲೈಟು. ಆದರೆ 1998ರಲ್ಲಿ ಬ್ರಿಟನ್ನಿನ ಬ್ರಯಾನ್ ಮಿಲ್ಟನ್ 120 ದಿನಗಳಲ್ಲಿ ಭೂಮಿ ಸುತ್ತಿದ್ದು ಟ್ರೈಕಿನಲ್ಲಿ. 2004ರ ಮೇ 24ರಂದು ರಿಚರ್ಡ್ ಮೆರೆಡಿತ್-ಹಾರ್ಡಿ ಎವರೆಸ್ಟ್ ಮೇಲೆ ಹಾರಿದ್ದೂ ಟ್ರೈಕಿನಲ್ಲೇ.

ಅಮೆರಿಕದಲ್ಲಿ 2001ರಿಂದ 2015ರ ತನಕ ಅಳಿವಿನಂಚಿನ ವೂಪಿಂಗ್ ಕೊಕ್ಕರೆಗಳ ಮರಿಗಳಿಗೆ ವಲಸೆಯ ದಾರಿ ತೋರಿಸಿದ್ದು ಇಂಥ ವಿಮಾನಗಳೇ. ಹಕ್ಕಿಯ ವೇಗಕ್ಕೆ ನಿಧಾನಿಸಬಲ್ಲ ಯಂತ್ರ ಬೇಕಿತ್ತಲ್ಲ! ಮರಿಗಳು ಮನುಷ್ಯರಿಗೆ ಒಗ್ಗಿಹೋಗಬಾರದೆಂದು ಪೈಲಟ್‌ಗಳು ಬಿಳಿ ನಿಲುವಂಗಿ ತೊಟ್ಟು, ತಲೆ ಮುಚ್ಚಿಕೊಂಡು ಕೂರುತ್ತಿದ್ದರು.

ರೆಕ್ಕೆಯ ಬಟ್ಟೆಗೆ ದೊಡ್ಡ ಶತ್ರು ಬಿಸಿಲು. ಬ್ರಿಟನ್ನಿನಲ್ಲಿ ಅದರ ಗಟ್ಟಿತನ ನೋಡಲು ‘ಬೆಟ್ಸೋಮೀಟರ್’ ಎಂಬ ಪುಟ್ಟ ಸಾಧನವಿದೆ: ಬಟ್ಟೆಗೆ ಸೂಜಿ ಚುಚ್ಚಿ, ಸ್ಪ್ರಿಂಗ್ ತಕ್ಕಡಿಯಿಂದ ಜಗ್ಗುತ್ತಾರೆ. ನಿಗದಿತ ಬಲಕ್ಕೆ ತಡೆದರೆ ಸರಿ. ಹರಿದರೆ ಹೊಸ ಬಟ್ಟೆ ಹೊಲಿಸಿದ ಮೇಲೆಯೇ ಹಾರಾಟ.